ಪೇಜ್ ಊರಲ್ಲಿ ನಮ್ಮ ಎಸಿ ರಿಪೇರಿ ಮಾಡಿಕೊಟ್ಟ ಅಜ್ಜನಿಗೆ

ಜುಲೈ ತಿಂಗಳು. ಹಾಸನದಿಂದ ಬಂದಿದ್ದ ಅಪ್ಪ ಅಮ್ಮನಿಗೆ ಲೇಕ್ ಪೊವೆಲ್ ಸರೋವರ ತೋರಿಸೋಣ ಅಂತ, ಗಾಡಿ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಅಮೆರಿಕದ ಅರಿಜೋನಾದ ಪೇಜ್‌ಗೆ ಹೋಗಿದ್ದೆವು. ಮಧ್ಯಾಹ್ನ ಹೊರಗೆ 41 ಡಿಗ್ರಿ ಇದ್ದಾಗ ಟ್ರೇಲರ್ ಚಾವಣಿ ಮೇಲಿನ ಎಸಿ ಕೈಕೊಟ್ಟಿತು. ಫ್ಯಾನ್ ತಿರುಗುತ್ತಿತ್ತು, ಕಂಪ್ರೆಸರ್ ಮಾತ್ರ ಗುಂಯ್ ಅಂದು ಸುಮ್ಮನಾಗುತ್ತಿತ್ತು. ಫೋನ್ ಮಾಡಿದ ಕಡೆಯೆಲ್ಲ ಮುಂದಿನ ವಾರ ಅಂದರು. ಅಮ್ಮನಿಗೆ ಬಿಪಿ ಬೇರೆ. ನನಗೆ ನಿಜವಾಗಲೂ ಭಯ ಆಯಿತು.

ಆಗ ಪಕ್ಕದ ಟ್ರೇಲರ್‌ನ ಅಜ್ಜ ಏಣಿ ಹೊತ್ತುಕೊಂಡು ಬಂದರು. ಮೊದಲು ಟ್ರೇಲರ್‌ಗೆ ಕರೆಂಟ್ ಬರುವ 30 ಆಂಪ್ ವೈರ್ ಕೀಳಿಸಿ, ಅದನ್ನು ನನ್ನ ಕೈಯಲ್ಲೇ ಹಿಡಿದುಕೊಂಡಿರಲು ಹೇಳಿದರು. ಚಾವಣಿಯ ಒಂದೇ ಕಡೆ ಭಾರ ಬೀಳಬಾರದು ಅಂತ ಹಲಗೆ ಹಾಸಿ, ಅದರ ಮೇಲೆ ಮಂಡಿಯೂರಿ ಮುಚ್ಚಳ ಬಿಚ್ಚಿದರು, ಸ್ಕ್ರೂಗಳನ್ನೆಲ್ಲ ತಮ್ಮ ಟೋಪಿಯೊಳಗೆ ಹಾಕಿಕೊಂಡರು. ಕಂಪ್ರೆಸರ್ ಶುರುವಾಗಲು ನೆರವಾಗುವ ಕೆಪಾಸಿಟರ್ ಅನ್ನೋ ಡಬ್ಬಿಯಂಥ ಭಾಗದ ತಲೆ ಪೂರಿ ಥರ ಉಬ್ಬಿತ್ತು. ಕರೆಂಟ್ ಕಿತ್ತರೂ ಅದರೊಳಗೆ ಚಾರ್ಜ್ ಉಳಿದಿರುತ್ತೆ ಅಂತ ಅದನ್ನು ಖಾಲಿ ಮಾಡಿ, ವೈರ್‌ಗಳ ಫೋಟೋ ತೆಗೆದುಕೊಂಡು, ಆಮೇಲೆ ಕಳಚಿದರು. ಅದೇ ಅಳತೆಯದ್ದು ಅವರ ಡಬ್ಬಿಯಲ್ಲೇ ಒಂದು ಇತ್ತು!

ಕಂಪ್ರೆಸರ್ ಶುರುವಾದ ಸದ್ದಿಗೆ ನನ್ನ ಕಣ್ಣು ತುಂಬಿತು. ಅವರು ಒಳಗೆ ಬಂದು ಗಾಳಿ ಬರುವ ಕಡೆ ಅಂಗೈ ಹಿಡಿದು ಸುಮಾರು ಹೊತ್ತು ನಿಂತರು. ತಣ್ಣಗಾದ ಮೇಲೆ ಅಮ್ಮನನ್ನು ಕೈಸನ್ನೆ ಮಾಡಿ ಕರೆದು ಅಲ್ಲೇ ಕೂರಿಸಿದರು. ಧೂಳು ಕಟ್ಟಿದ್ದ ಫಿಲ್ಟರನ್ನೂ ತಾವೇ ತೊಳೆದರು. ಯಾರು ಮಾಡುತ್ತಾರೆ ಇಷ್ಟು, ಅಲ್ವಾ? ದುಡ್ಡು ಎಷ್ಟು ಹೇಳಿದರೂ ತಗೊಳ್ಳಲಿಲ್ಲ, ಅಮ್ಮ ಕೊಟ್ಟ ಕೋಡುಬಳೆ ಮಾತ್ರ ತಗೊಂಡರು. ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಹೆಸರೂ ಕೇಳಿರಲಿಲ್ಲ. ಅಜ್ಜಾ, ಆ ರಾತ್ರಿ ಅಮ್ಮ ಹೊದ್ದುಕೊಂಡು ಮಲಗಿದ್ದರು. ತುಂಬಾ ಥ್ಯಾಂಕ್ಸ್.