ಪಾಳಿ ಮಂದಿಗಿರಲಿ, ಅತ್ತಿಯವರಿಗಿ ಬ್ಯಾಡ

ಹುಮನಾಬಾದ

ಚಿ. ಸೌ. ಗಂಗಾಗ ನಿನ್ನ ದೊಡ್ಡವ್ವನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಅತ್ತಿಯವರಿಗಿ ಆಲ್ಝೈಮರ್ ಅನ್ನೂ ಮರವಿನ ಬ್ಯಾನಿ ಅದ ಅಂತ ನರರೋಗದ ಡಾಕ್ಟರು ಬರೆದು ಕೊಟ್ಟಾರ, ಮೈದುನನ ಲಗ್ನ ಆಗೂತನಕ ಓಣ್ಯಾಗ ಯಾರಿಗೂ ಹೇಳೂದು ಬ್ಯಾಡ ಅಂತ ಮನ್ಯಾಗ ಮಾತಾಡಿಕೊಂಡೀರಿ, ಅವರಿಗಿ ತಿಂಗಳಿಗೊಬ್ಬ ಮಗನ ಮನ್ಯಾಗ ಇಡೂದು ಅಂತ ಗೊತ್ತು ಮಾಡೀರಿ. ಈ ಎರಡೂ ನನಗ ಒಪ್ಪಿಗಿ ಇಲ್ಲ. ಯಾಕ ಅಂತ ಬಿಡಿಸಿ ಬರೀತೀನಿ, ಅಳಿಯಂದಿರಿಗೂ ಓದಿ ಹೇಳು.

ಪಾಳಿ ಮಾತು ಮೊದಲು. ಹೊಸದು ನೆನಪಿನಾಗ ಕೂಡದ ಬ್ಯಾನಿ ಇದು. ಕಲಬುರಗಿ ಬ್ರಹ್ಮಪುರದ ನಿಮ್ಮ ಮನ್ಯಾಗ ನಡುರಾತ್ರಿ ಎದ್ದರೂ ಬಚ್ಚಲ ಯಾವ ಕಡಿ ಅದ ಅಂತ ಅವರ ಕಾಲಿಗಿ ಗೊತ್ತದ. ಸೇಡಂ ರಸ್ತಾದಾಗ ಇರೋ ಇನ್ನೊಬ್ಬ ಮಗನ ಫ್ಲ್ಯಾಟಿನಾಗ ಅದನ್ನ ಹುಡುಕೂದ್ರಾಗ ಸೀರಿ ಒದ್ದಿ ಆಗ್ತದ. ಆಗ ಮನಿಮಂದಿ ಬ್ಯಾನಿ ಜಾಸ್ತಿ ಆಯ್ತು ಅಂತಾರ, ಖರೇ ಅಂದ್ರ ಮನಿ ಬದಲಾಗಿರ್ತದ ಅಷ್ಟೇ. ಆ ಮನಿ ಒಂದೀಟು ರೂಢಿ ಆಗೂ ಹೊತ್ತಿಗಿ ಮತ್ತ ಗಂಟು ಕಟ್ಟಬೇಕು. ಹಿಂಗ ಎತ್ತಿ ಇಟ್ಟಾಗೆಲ್ಲಾ ಒಂದೊಂದು ರೂಢಿ ಕಳಕೊಂಡು ಬರ್ತಾರ, ಕಳೆದದ್ದು ತಿರುಗಿ ಕಲಿಯೂದು ಕಷ್ಟ. ಅವರು ಒಂದೇ ಮನ್ಯಾಗ, ಒಂದೇ ಮಂಚದ ಮ್ಯಾಲ ಇರಲಿ. ಪಾಳಿ ಹಚ್ಚೂದು ನೋಡಿಕೊಳ್ಳೋ ಮಂದಿಗಿ ಹಚ್ಚರಿ. ಸೇಡಂ ರಸ್ತಾದವರು ಅಲ್ಲಿಗಿ ಕರ್ಕೊಂಡು ಹೋಗೂ ಬದ್ಲಿ ವಾರಕ್ಕ ಎರಡು ದಿನ ಇಲ್ಲಿಗಿ ಬಂದು ಮಲಗಲಿ. ಪುಣೆದಾಗ ಇರೋ ದೊಡ್ಡಾಂವ ಗುಳಗಿ, ಡಾಕ್ಟರ ಖರ್ಚು, ಕಾಗದಪತ್ರದ ಕೆಲಸ ತನ್ನ ತಲಿ ಮ್ಯಾಲ ತಗೊಳ್ಳಲಿ. ವರ್ಷದಾಗ ಎರಡು ಸರ್ತಿ ಪೂರಾ ಒಂದು ವಾರ ಬಂದು ತಾನೇ ನೋಡಿಕೊಳ್ಳಲಿ, ಆ ವಾರ ನೀ ಮನ್ಯಾಗ ಇರಬ್ಯಾಡ. ದೂರ ಇದ್ದವರಿಗಿ ಫೋನಿನಾಗ ಅವ್ವ ಚೆಂದಾಗಿ ಮಾತಾಡ್ತಾಳ ಅನಿಸ್ತದ. ಹತ್ತು ನಿಮಿಷದ ಮಾತು ಈ ಬ್ಯಾನಿಯವರು ಸಂಭಾಳಿಸ್ತಾರ, ಒಂದು ರಾತ್ರಿ ಸಂಭಾಳಿಸೂದು ಆಗಂಗಿಲ್ಲ. ಅದು ಕಣ್ಣಿಲೆ ಕಂಡ ಮ್ಯಾಲೇ ತಕರಾರು ನಿಲ್ತದ.

"ಏನರ ಬೇಕಾದ್ರ ಹೇಳವಾ" ಅಂದವರಿಗಿ ದಿನ, ತಾಸು, ಕೆಲಸ ಮೂರೂ ಹೆಸರಿಟ್ಟು ಹೇಳು. "ಗುರುವಾರ ಮೂರರಿಂದ ಐದರ ತನಕ ಅವರ ಬಲ್ಲಿ ಕುಂದ್ರಿ, ನಾ ಬಜಾರಕ್ಕ ಹೋಗಿ ಬರ್ತೀನಿ" ಅಂತ ಹೇಳಿದ್ರ ಬರ್ತಾರ. ಹೆಸರಿಲ್ಲದ ಸಹಾಯ ಕೇಳಿದ್ರ ಯಾರೂ ಬರಂಗಿಲ್ಲ, ಮನಸ್ಸು ಇಲ್ಲಂತಲ್ಲ, ಏನು ಮಾಡಬೇಕು ಅನ್ನೂದು ಅವರಿಗಿ ತಿಳಿಯಂಗಿಲ್ಲ. ಬಂದವರ ಕೈಗಿ ಒಂದು ಹಾಳಿ ಕೊಡು. ಗುಳಗಿ ಯಾವ ಹೊತ್ತಿಗಿ, ಎರಡು ತಾಸಿಗೊಮ್ಮೆ ಬಚ್ಚಲಿಗಿ ಕರೆದೊಯ್ಯೂದು, ಏನು ಅಂದ್ರ ನಗ್ತಾರ, ಏನು ಅಂದ್ರ ಸಿಟ್ಟಿಗೇಳ್ತಾರ, ನೀರಡಿಕಿ ಆದ್ರ ಯಾವ ಮಾತಿನಾಗ ಕೇಳ್ತಾರ. ಇಷ್ಟು ಸಾಕು.

ಇನ್ನ ಮುಚ್ಚಿಡೂ ಮಾತು. ಬ್ಯಾನಿ ಇನ್ನೂ ಮೊದಲ ಹಂತದಾಗ ಅದ, ಹಂಗಾಗಿ ಯಾರಿಗಿ ಹೇಳೂಣು ಅಂತ ಅತ್ತಿಯವರಿಗೇ ಕೇಳು, ಅದು ಅವರ ಮಾನದ ಪ್ರಶ್ನಿ. ಲಗ್ನದ ಹೆದರಿಕಿ ಬಿಡರಿ. 65 ದಾಟಿದ ಮ್ಯಾಲ ಬರೋ ಆಲ್ಝೈಮರ್ ತಾಯಿಗಿ ಬಂದ್ರ ಮಕ್ಕಳಿಗೂ ಬಂದೇ ಬರ್ತದ ಅಂತಿಲ್ಲ. ಅಪಾಯ ಸ್ವಲ್ಪ ಜಾಸ್ತಿ ಇರ್ತದ, ಅಷ್ಟೇ. ನೇರ ವಂಶದಾಗ ಇಳಿದು ಬರೂದು ಅಪರೂಪ, ಅದು ಸಾಮಾನ್ಯವಾಗಿ ಭಾಳ ಮೊದಲೇ ಕಾಣಸ್ತದ. ಬೀಗರು ಕೇಳಿದ್ರ ಹಿಂಗೇ ಹೇಳರಿ. ಮುಚ್ಚಿಟ್ಟು ಲಗ್ನ ಮಾಡಿದ್ರ ಬಂದ ಸೊಸಿ ಮೊದಲ ತಿಂಗಳದಾಗೇ ನೋಡ್ತಾಳ.

ಓಣ್ಯಾಗ ಎಲ್ಲಾರಿಗೂ ಹೇಳೂ ಕೆಲಸ ಇಲ್ಲ. ಅತ್ತಿಯವರು ಮನಿ ಬಿಟ್ಟು ಹೊರಗ ಬಿದ್ದರ ಯಾರ ಕಣ್ಣಿಗಿ ಬೀಳ್ತಾರ ಅಂತ ನೋಡು. ಕಿರಾಣಿ ಅಂಗಡಿಯಾಂವ, ಮೂಲಿ ಮ್ಯಾಲಿನ ಆಟೋ ಮಂದಿ, ಗುಡಿ ಮುಂದ ಹೂ ಮಾರೂವಾಕಿ, ಎದುರು ಮನಿಯವರು. ಇವರಿಗಿ ಹೋಗಿ ಹೇಳೂದು ಇಷ್ಟೇ: "ಅತ್ತಿಯವರಿಗಿ ನೆನಪಿನ ಬ್ಯಾನಿ ಅದ. ಒಬ್ಬರೇ ಕಂಡ್ರ ಎದುರಿಗಿ ಬಂದು ಮಾತಾಡಸ್ರಿ, ಹಿಂದಿನಿಂದ ಕೈ ಹಿಡಿದು ಜಗ್ಗಬ್ಯಾಡ್ರಿ. ಚಹಾ ಕುಡಿಯೂಣು ಬರ್ರಿ ಅಂತ ಕುಂದ್ರಿಸಿ ನನಗ ಫೋನ್ ಮಾಡ್ರಿ." ಕಿರಾಣಿಯಾಂವಗ ಇನ್ನೊಂದು ಮಾತು: ಒಂದೇ ಸಾಮಾನು ಮತ್ತ ಮತ್ತ ಕೇಳಿದ್ರ ಇಲ್ಲ ಅನಬ್ಯಾಡ, ವಾದಕ್ಕ ಇಳೀಬ್ಯಾಡ, ಸಣ್ಣದೊಂದು ಕೊಟ್ಟು ಬರೆದಿಡು, ಸಂಜಿಗಿ ನಾವು ತಂದು ಕೊಡ್ತೀವಿ. ಮನಿಗಿ ಬಂದ ನೆಂಟರಿಗಿ "ನಾ ಯಾರು ಹೇಳ್ರಿ ನೋಡೂಣು" ಅಂತ ಪರೀಕ್ಷಾ ಮಾಡೂದು ಬಿಡಸು. ಉತ್ತರ ಬರದಾಗ ಅವರ ಮಾರಿ ಹ್ಯಾಂಗ ಸಣ್ಣದಾಗ್ತದ ನೋಡಿದ್ರ ನಿನಗೇ ತಿಳೀತದ. ಬಂದವರು ತಾವೇ ಹೆಸರು ಹೇಳಿ ಕುಂದರಲಿ.

ನಿನ್ನ ಫೋನ್ ನಂಬರ ಅರಿವಿ ಪಟ್ಟಿ ಮ್ಯಾಲ ಬರೆದು ಜಂಪರಿನ ಒಳಗಡಿ ಹೊಲಿ. ಪಟ್ಟಿ ಕೊರಳಿಗಿ ಹಾಕಿದ್ರ ಕಿತ್ತಿ ಒಗೀತಾರ. ದಿನಾ ಮುಂಜಾನಿ ಉಟ್ಟ ಸೀರಿ ಸಮೇತ ಒಂದು ಫೋಟೋ ತಗಿ, ಕಳದ್ರ ತೋರಸಲಿಕ್ಕ ಅದೇ ಕೆಲಸಕ್ಕ ಬರ್ತದ. ಕಾಣಲಿಲ್ಲ ಅಂದ್ರ ಮೊದಲು ಮಾಳಗಿ, ಬಚ್ಚಲ, ಮಂಚದ ಮಗ್ಗಲು ನೋಡು. ಒಬ್ಬರು ಮನ್ಯಾಗೇ ಇರ್ರಿ, ಉಳಿದವರು ಹಳೇ ಮನಿ, ತವರು, ದಿನಾ ಹೋಗೂ ಗುಡಿ ದಾರಿ ಹಿಡೀರಿ, ತೆರೆದ ಬಾವಿ, ಕೆರಿ ಕಡಿ ಮೊದಲು ಹೋಗ್ರಿ. 112ಕ್ಕ ಆಗಿಂದಾಗೇ ಫೋನ್ ಮಾಡ್ರಿ, ಒಂದು ದಿನ ಕಾಯಬೇಕು ಅನ್ನೂದು ಸುಳ್ಳು. ಹೋಳಿ ಆದ ಮ್ಯಾಲ ಶರಣಬಸವೇಶ್ವರ ಜಾತ್ರಿಗಿ ಕರ್ಕೊಂಡು ಹೋಗೂದಾದ್ರ ತೇರಿನ ಹೊತ್ತಿಗಿ ಬ್ಯಾಡ. ಮರುದಿನ ಮುಂಜಾನಿ ಮಂದಿ ಕಮ್ಮಿ ಇದ್ದಾಗ ಹೋಗಿ ಕಾಯಿ ಒಡಿಸಿಕೊಂಡು ಬರ್ರಿ.

ಡಾಕ್ಟರ ಕಾಗದದಾಗ ಒಂದು ನೋಡು. ಬಿ12, ಥೈರಾಯ್ಡ್, ಸಕ್ಕರಿ, ಸೋಡಿಯಂ, ತಲಿ ಸ್ಕ್ಯಾನ್ ಇಷ್ಟೂ ಆಗ್ಯಾವೇನು? ಶಾಕಾಹಾರಿ ಮನಿಯವರಿಗಿ, ಅದರಾಗೂ ಸಕ್ಕರಿ ಬ್ಯಾನಿಗಿ ವರ್ಷಗಟ್ಲೆ ಮೆಟ್‌ಫಾರ್ಮಿನ್ ತಗೊಂಡವರಿಗಿ ಬಿ12 ಕಮ್ಮಿ ಇರೂದು ಸಾಮಾನ್ಯ, ಅದೂ ಮರವು ತರ್ತದ, ಅದಕ್ಕ ಔಷಧ ಅದ. ಕಣ್ಣಿನ ಪೊರಿ, ಕಿವ್ಯಾಗಿನ ಹೊಲಸು ಇವನ್ನೂ ತೋರಸು. ಮನ್ಯಾಗ ಇರೋ ಎಲ್ಲಾ ಗುಳಗಿ ಒಂದು ಚೀಲದಾಗ ಹಾಕಿಕೊಂಡು ಹೋಗು. ನೆಗಡಿಗಿ, ತುರಿಕಿಗಿ, ನಿದ್ದಿಗಿ ಅಂತ ಅಂಗಡ್ಯಾಗ ಕೊಡೂ ಕೆಲವು ಗುಳಗಿ ಈ ಬ್ಯಾನಿಯವರ ಬುದ್ಧಿ ಇನ್ನಷ್ಟು ಮಂಕು ಮಾಡ್ತಾವ. ಡೊನೆಪೆಜಿಲ್ ಬರೆದಾರ ಅಂದೀ. ಅದು ಬ್ಯಾನಿ ವಾಸಿ ಮಾಡಂಗಿಲ್ಲ, ಕೆಲವರಿಗಿ ಒಂದಷ್ಟು ದಿನ ಲಕ್ಷಣ ಹಿಡಿದು ನಿಲ್ಲಸ್ತದ. ಹೊಟ್ಟಿ ಜಾಡಿಸಿದ್ರ, ಊಟ ಬಿಟ್ರ, ತಲಿ ತಿರುಗಿ ಬಿದ್ರ ಡಾಕ್ಟರಿಗಿ ಹೇಳು, ನಾಡಿ ನಿಧಾನ ಆಗಿರಬಹುದು.

ಇದೊಂದು ಮಾತು ಎಲ್ಲಾರಿಗೂ ಬಾಯಿಪಾಠ ಇರಲಿ: ಮರವು ತಿಂಗಳಗಟ್ಲೆ ನಿಧಾನ ಜಾಸ್ತಿ ಆಗ್ತದ. ಒಂದೆರಡು ದಿನದಾಗ ಒಮ್ಮೆಲೇ ಬದಲಾದ್ರ, ಗುರ್ತು ಹಿಡೀದೆ ಬಡಬಡಿಸಿದ್ರ, ಇಲ್ಲಾ ಹಗಲೆಲ್ಲಾ ಮಲಗೇ ಇದ್ರ, ಅದು ಮರವಿನ ಲೆಕ್ಕಕ್ಕ ಹಾಕಬ್ಯಾಡರಿ. ಮೂತ್ರದ ಸೋಂಕು, ನೀರು ಕಮ್ಮಿ ಆದದ್ದು, ಮಲಬದ್ಧತಿ, ಹೊಸ ಗುಳಗಿ, ತಲಿಗಿ ಪೆಟ್ಟು ಇಂಥಾದ್ದು ಏನೋ ಒಂದು ಇರ್ತದ. ಅದೇ ದಿನ ದವಾಖಾನಿಗಿ ಹೋಗಬೇಕು. ನಮ್ಮ ಕಡಿ ಏಪ್ರಿಲ್, ಮೇ ಬಿಸಲಿನಾಗ ಇದು ಜಾಸ್ತಿ, ಯಾಕಂದ್ರ ನೀರಡಿಕಿ ಆಗ್ಯಾದ ಅನ್ನೂದೇ ಅವರಿಗಿ ತಿಳಿಯಂಗಿಲ್ಲ. ತಾಸಿಗೊಮ್ಮೆ ಅರ್ಧ ಗ್ಲಾಸು ನೀರೋ ಮಜ್ಜಿಗಿಯೋ ಕೈಯಾಗ ಕೊಟ್ಟು ಕುಡಿಯೂತನಕ ಎದುರು ನಿಲ್ಲು. ಮುಂದ ನುಂಗೂದು ಕಷ್ಟ ಆದಾಗ ಕಡಕ ರೊಟ್ಟಿ ಬಿಟ್ಟು ಮುಟಗಿ, ಮೆತ್ತಗ ಕುದಿಸಿದ ನುಚ್ಚು, ಗಟ್ಟಿ ಅಂಬಲಿ ಕೊಡು, ನೆಟ್ಟಗ ಕುಂದ್ರಿಸಿ. ತೆಳು ನೀರಿಗಿ ಕೆಮ್ಮು ಬಂದ್ರ ಡಾಕ್ಟರಿಗಿ ಹೇಳು, ಅದು ಗಂಟಲ ತಪ್ಪಿ ಪುಪ್ಪುಸಕ್ಕ ಇಳೀತದ.

ಸಂಜಿ ಹೊತ್ತು ಭಾಳ ಕಾಡ್ತದ. "ನಮ್ಮ ಮನಿಗಿ ಹೋಗ್ತೀನಿ, ಅವ್ವ ದಾರಿ ನೋಡ್ತಿರ್ತಾಳ" ಅಂತ ಸೆರಗು ಸುತ್ತಿಕೊಂಡು ಕದದ ಬಲ್ಲಿ ನಿಂತರ, "ಇದೇ ನಿಮ್ಮ ಮನಿ, ನಿಮ್ಮವ್ವ ಸತ್ತು ನಲವತ್ತು ವರ್ಷ ಆಯ್ತು" ಅನಬ್ಯಾಡ. ಆ ಸುದ್ದಿ ಅವರಿಗಿ ಪ್ರತಿ ಸಂಜಿ ಹೊಸದು, ಪ್ರತಿ ಸಂಜಿ ಅಳಬೇಕು. "ಅವ್ವ ಏನು ಅಡಗಿ ಮಾಡ್ತಿದ್ಳು?" ಅಂತ ಕೇಳು. ಪುಂಡಿಪಲ್ಯದ ಮಾತು ಬರ್ತದ, ಮಾತಾಡ್ತಾ ಕೈಗಿ ಶೇಂಗಾ ಸುಲಿಯೂ ಮೊರ ಕೊಡು. ಕತ್ತಲಿ ಕವಿಯೂದಕ್ಕ ಮೊದಲೇ ದೀಪ ಹಚ್ಚು, ಟಿವಿ ಸುದ್ದಿ ಬಂದ್ ಮಾಡು, ಹಗಲ ನಿದ್ದಿ ಅರ್ಧ ತಾಸಿಗಿಂತ ಜಾಸ್ತಿ ಆಗಗೊಡಬ್ಯಾಡ. 1948ರ ಮೊದಲು, ನಿಜಾಮನ ಕಾಲದಾಗ, ಉರ್ದು ಸಾಲಿಗಿ ಹೋಗಿ ಬಂದ ಹಿರಿಯರು ನಮ್ಮ ಕಡಿ ಇನ್ನೂ ಅದಾರ. ಬ್ಯಾನಿ ಮುಂದುವರಿದಾಗ ಅಂಥವರ ಬಾಯಾಗ ಉರ್ದು ಲೆಕ್ಕ, ಉರ್ದು ಮಾತು ತಿರುಗಿ ಬರಬಹುದು. ಅತ್ತಿಯವರ ತವರು ಆಳಂದ ಕಡಿ, ಮರಾಠಿ ಬಂದ್ರ ಹೆದರಬ್ಯಾಡ, ಆ ಭಾಷಾ ಬಲ್ಲವರೊಬ್ಬರನ್ನ ವಾರಕ್ಕೊಮ್ಮೆ ಕರಿ.

ಈಗ ನಾ ಮುಖ್ಯ ಹೇಳಬೇಕಂದದ್ದು. ನಿನ್ನಂಥ ಮನಿ ಕಲಬುರಗ್ಯಾಗ ನಿನ್ನದೊಂದೇ ಅಲ್ಲ. 2023ರಾಗ ಪ್ರಕಟವಾದ ದೇಶದ ಅಧ್ಯಯನದ ಪ್ರಕಾರ 60 ದಾಟಿದವರಾಗ ನೂರಕ್ಕ 7.4 ಮಂದಿಗಿ ಮರವಿನ ಬ್ಯಾನಿ (ಡಿಮೆನ್ಶಿಯಾ, ಆಲ್ಝೈಮರ್ ಅದರಾಗೊಂದು) ಅದ, ದೇಶದಾಗ ಸುಮಾರು 88 ಲಕ್ಷ. ಹಂಗಂದ್ರ ನಿಮ್ಮ ಓಣಿ ಸುತ್ತಮುತ್ತೇ ನಾಲ್ಕೈದು ಮನಿ ಇರಬೇಕು, ಅವರೂ ನಿನ್ನಂಗೇ ಕದ ಹಾಕಿಕೊಂಡು ಕುಂತಿರ್ತಾರ. ಆಶಾ ಕಾರ್ಯಕರ್ತೆಗಿ ಕೇಳು, ಯಾವ ಮನ್ಯಾಗ ವಯಸ್ಸಾದವರು ಹೊರಗ ಬರೂದು ಬಿಟ್ಟಾರ ಅನ್ನೂದು ಆಕಿಗಿ ಗೊತ್ತಿರ್ತದ. ನೋಡಿಕೊಳ್ಳೂವರು ಕುಂತು ತಮ್ಮ ಕಷ್ಟಸುಖ ಮಾತಾಡೂ ಒಂದು ಗುಂಪು ಕಟ್ಟು. ಐದರಿಂದ ಎಂಟು ಮನಿ ಕೂಡಿದ್ರ ಸಾಕು, ಅದಕ್ಕಿಂತ ಜಾಸ್ತಿ ಆದ್ರ ಎಲ್ಲಾರಿಗೂ ಮಾತಿಗಿ ಪಾಳಿ ಸಿಗಂಗಿಲ್ಲ. ತಿಂಗಳಿಗೊಮ್ಮೆ, ಒಂದೂವರೆ ತಾಸು. ಹೊತ್ತು ಮುಂಜಾನಿ 11ರಿಂದ 12:30 ಇರಲಿ. ಜಳಕ, ನಾಷ್ಟಾ ಮುಗಿದಿರ್ತದ, ಸಂಜಿ ಯಾರಿಗೂ ಮನಿ ಬಿಡಲಿಕ್ಕ ಆಗಂಗಿಲ್ಲ. ಬ್ಯಾಸಗ್ಯಾಗ 9ಕ್ಕ ಮಾಡ್ರಿ. ಜಾಗ ಸಾಲಿ ಕೋಣಿ ಚಲೋ, ಐತವಾರ ಖಾಲಿ ಇರ್ತದ, ಮಠಕ್ಕ ಬರಲಿಕ್ಕ ಹಿಂಜರಿಯೂವರು, ದರ್ಗಾ ಕಡಿ ಬರಲಿಕ್ಕ ಹಿಂಜರಿಯೂವರು ಇಬ್ಬರೂ ಅಲ್ಲಿ ಬರ್ತಾರ. ನೆಲಮಟ್ಟದ ಕೋಣಿ, ಬಲ್ಲೇ ಬಚ್ಚಲ ಇರೂದು ನೋಡು.

ಎರಡು ಕೋಣಿ ಬೇಕು. ಬ್ಯಾನಿಯವರನ್ನ ಮನ್ಯಾಗ ಬಿಟ್ಟು ಬರ್ರಿ ಅಂದ್ರ ಯಾರೂ ಬರಂಗಿಲ್ಲ, ಇಂಥಾ ಗುಂಪು ಬಂದ್ ಬೀಳೂದು ಹೆಚ್ಚಾಗಿ ಇದೇ ಕಾರಣಕ್ಕ. ಇನ್ನೊಂದು ಕೋಣ್ಯಾಗ ಇಬ್ಬರು ಕುಂತು ಅವರಿಗಿ ಹೂ ಕಟ್ಟಲಿಕ್ಕ, ಜ್ವಾಳ ಹಸನ ಮಾಡಲಿಕ್ಕ ಹಚ್ಚಲಿ, ವಚನ ಹಾಡಲಿ. ಮಾತು ಮರೆತವರೂ ಹಾಡಿಗಿ ದನಿ ಕೂಡಸ್ತಾರ. ಮಾತಾಡೂ ಕೋಣ್ಯಾಗ ನೇಮ ಮೊದಲೇ ಹೇಳು. ಒಬ್ಬರಿಗಿ ಏಳೆಂಟು ನಿಮಿಷ. ಇಲ್ಲಿ ಕೇಳಿದ್ದು ಹೊರಗ ಹೋಗಬಾರದು. ಔಷಧ, ಪುಡಿ, ತಾಯತ ಮಾರೂದು ಇಲ್ಲ. ಇದು ತಪ್ಪಿದ್ರ ಎರಡನೇ ತಿಂಗಳಿಗಿ ಗುಂಪು ಅಂಗಡಿ ಆಗ್ತದ. ಡಾಕ್ಟರಿಗಿ ಮೂರು ತಿಂಗಳಿಗೊಮ್ಮೆ ಕರೆದರ ಸಾಕು, ಪ್ರಶ್ನಿ ಚೀಟಿಯಾಗ ಮೊದಲೇ ಬರೆದಿಡ್ರಿ. ಪ್ರತಿ ಸರ್ತಿ ಕರೆದ್ರ ಭಾಷಣ ಆಗ್ತದ, ನೋಡಿಕೊಳ್ಳೂವರು ಬಾಯಿ ಬಿಡಂಗಿಲ್ಲ. ವಾಟ್ಸಾಪ್ ಗುಂಪು ಮಾಡಿದ್ರ ಕಳೆದಾಗ, ತುರ್ತು ಇದ್ದಾಗ ಅಷ್ಟೇ. ಶುಭೋದಯದ ಚಿತ್ರ ತುಂಬಿದ್ರ ತುರ್ತು ಮೆಸೇಜ್ ಯಾರೂ ನೋಡಂಗಿಲ್ಲ. ಗಂಡಸರು ಹೆಂಗಸರನ್ನ ಕಳಿಸಿ ತಾವು ಸುಮ್ಮನಾಗ್ತಾರ, ಅಳಿಯಂದಿರು ಮೊದಲ ಸಭಾಕ್ಕೇ ಬರಲಿ. ಹಿರಿಯರು ತೀರಿಕೊಂಡ ಮನಿಯವರು ಬರೂದು ಬಿಡ್ತಾರ, ಅವರನ್ನ ಬಿಡಬ್ಯಾಡ. ಕಡೀತನಕ ನೋಡಿದವರು ಅವರೇ, ಕೈಯಾಗ ಹೊತ್ತೂ ಇರ್ತದ.

ಸರಕಾರದ ಕಡಿಯಿಂದ: ಕಲಬುರಗಿ ಜಿಮ್ಸ್ ಸರಕಾರಿ ದವಾಖಾನಿ ಮಾನಸಿಕ ಆರೋಗ್ಯ ವಿಭಾಗಕ್ಕ ಹೋಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನ ಕೇಳು. ಬೀದರಿನವರಿಗಿ ಬ್ರಿಮ್ಸ್, ಯಾದಗಿರಿಯವರಿಗಿ ಯಿಮ್ಸ್. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ರಾತ್ರಿನೂ ಕನ್ನಡದಾಗ ಮಾತಾಡ್ತಾರ, ನೋಡಿಕೊಳ್ಳೂವರಿಗೂ ಅದು ಅದ. ಹಿರಿಯರ ಸಹಾಯವಾಣಿ 14567. ಮಾವನವರ ಪಿಂಚಣಿಯ ಜೀವಂತ ಪ್ರಮಾಣಪತ್ರ ನವೆಂಬರದಾಗ ಕೊಡಬೇಕು, ಬೆರಳಚ್ಚು ಹತ್ತಲಿಲ್ಲ ಅಂದ್ರ ಮೊಬೈಲಿನಾಗ ಮಾರಿ ತೋರಿಸಿ ಮಾಡೂ ವ್ಯವಸ್ಥಾ ಅದ. ಬ್ಯಾಂಕ್ ಖಾತಿ ಜಂಟಿ ಮಾಡೂದು, ಮೃತ್ಯುಪತ್ರ ಬರೆಸೂದು ಇದ್ರ ಅವರಿಗಿ ತಿಳುವಳಿಕಿ ಇರೂತನಕ, ಅವರ ಇಚ್ಛಾ ಕೇಳಿ, ಡಾಕ್ಟರ ಸರ್ಟಿಫಿಕೇಟ್ ಹಚ್ಚಿ ಈಗೇ ಮಾಡ್ರಿ. ಜಿಪಿಎ (ಅವರ ಪರವಾಗಿ ವ್ಯವಹಾರ ಮಾಡಲಿಕ್ಕ ಕೊಡೂ ಅಧಿಕಾರಪತ್ರ) ಬರೆಸಿಕೊಂಡ್ರ ಸಾಕು ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ಮ್ಯಾಲ ಕಾನೂನಿನಾಗ ಅದು ನಿಲ್ಲಂಗಿಲ್ಲ.

ನಿನ್ನ ಮಾತೂ ಬರೀಬೇಕು ಮಗಳ. ರಾತ್ರಿ ನಿದ್ದಿ ಮೂರು ನಾಲ್ಕು ತಾಸಿಗಿ ಇಳಿದ್ರ, ಸಣ್ಣದಕ್ಕ ಕೈ ಎತ್ತೂಣು ಅನಿಸಿದ್ರ, ಬದುಕೇ ಸಾಕು ಅನಿಸಿದ್ರ, ಅವರನ್ನ ಸುರಕ್ಷಿತ ಜಾಗದಾಗ ಕುಂದ್ರಿಸಿ ಐದು ನಿಮಿಷ ಹೊರಗ ಬಾ, ಆಮ್ಯಾಲ ನನಗೋ 14416ಕ್ಕೋ ಫೋನ್ ಮಾಡು. ಸಿಟ್ಟು ಬಂತು ಅಂತ ನೀ ಕೆಟ್ಟಾಕಿ ಆಗಂಗಿಲ್ಲ, ದಣಿದಾಕಿ ಆಗೀ. ನಿನ್ನ ಬಿಪಿ ತೋರಿಸಿಕೊಂಡು ಎಷ್ಟು ದಿನ ಆಯ್ತು? ಈ ವಾರ ತೋರಸು. ಅವರನ್ನ ಎಬ್ಬಿಸೂವಾಗ ರಟ್ಟಿ ಹಿಡಿದು ಜಗ್ಗಬ್ಯಾಡ, ಮಂಚದ ಅಂಚಿಗಿ ಸರಿಸಿ, ಎರಡೂ ಪಾದ ನೆಲಕ್ಕ ಊರಿಸಿ, ಮುಂದಕ್ಕ ಬಗ್ಗಿಸಿ ಎಬ್ಬಿಸು, ನಿನ್ನ ನಡಾ ಉಳೀತದ.

ಶ್ರಾವಣ ಹತ್ತೂದಕ್ಕ ಮೊದಲು ನಾ ಒಂದು ವಾರ ಬರ್ತೀನಿ, ನೀ ತವರಿಗಿ ಹೋಗಿ ಮಲಗಿ ಬಾ. ಬಂದವರ ಕೈಗಿ ಕೊಡೂ ಆ ಹಾಳಿ ಬರೆದಿಟ್ಟಿರು. ಆಶಾ ಕಾರ್ಯಕರ್ತೆಗಿ ಇದೇ ವಾರ ಕೇಳು, ಎಷ್ಟು ಮನಿ ಸಿಕ್ಕವು ಅಂತ ಫೋನಿನಾಗ ತಿಳಸು, ಮೊದಲ ಸಭಾ ನಾ ಇದ್ದಾಗೇ ಕೂಡಸೂಣು.

ನಿನ್ನ ದೊಡ್ಡವ್ವ