ನನ್ನ ಕನ್ನಡಕ ನಿನ್ನ ಚೀಲದಲ್ಲಿತ್ತು

ಪುಟ್ಟಿ,

ನೀನು ಹೋಗಿ ಎರಡೂವರೆ ತಿಂಗಳಾಯ್ತು. ಫೋನಿನಲ್ಲಿ ಹೇಳೋಣ ಅಂದರೆ ನನಗೆ ಅಳು ಬರುತ್ತದೆ, ನೀನು ಸುಮ್ಮನಾಗಿಬಿಡುತ್ತೀಯ. ಅದಕ್ಕೇ ಬರೆಯೋಕೆ ಕೂತಿದ್ದೇನೆ.

ನೀನು ಮನೆ ಬಿಟ್ಟು ಹೊರಟ ದಿನ ಯಾರು ಏನಂದರು ಅಂತ ಮತ್ತೆ ಕೆದಕುವುದಿಲ್ಲ. ಇಬ್ಬರಿಗೂ ಚೆನ್ನಾಗಿ ನೆನಪಿದೆ. ಆದರೆ ಬಾಗಿಲಲ್ಲಿ ನಿಂತು ನೀನು ಹೇಳಿದ ಕೊನೇ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. "ಅಮ್ಮಾ, ನಿನಗೆ ಅಮ್ಮ ಆಗಿ ಆಗಿ ನನಗೆ ಸಾಕಾಗಿದೆ." ಹೆತ್ತವಳಿಗೆ ಹೇಳೋ ಮಾತಾ ಇದು ಅಂತ ಸಿಟ್ಟು ಬಂತು. ಮೂರು ದಿನ ಅದೇ ಸಿಟ್ಟಿನಲ್ಲಿ ಮನೆಯನ್ನೆಲ್ಲ ಗುಡಿಸಿ ಒರೆಸಿದೆ. ನಾಲ್ಕನೇ ದಿನ ನಿನ್ನ ಕೋಣೆಯ ಸರದಿ. ಕಪಾಟಿನ ನಡುವಿನ ಸಾಲಿನಲ್ಲಿ ಇರುವುದೆಲ್ಲ ಅಮ್ಮ ಮಗಳ ಕಥೆಗಳೇ ಅಂತ ಅವತ್ತು ಗೊತ್ತಾಯ್ತು. ಇಷ್ಟು ವರ್ಷ ಅವುಗಳ ಧೂಳು ಒರೆಸಿದ್ದೆ. ಒಂದನ್ನೂ ತೆರೆದು ನೋಡಿರಲಿಲ್ಲ.

ಓದಲು ಶುರು ಮಾಡಿದೆ. ಇಂಗ್ಲಿಷಿನವು ನಿಧಾನವಾದವು. ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಪದಗಳ ಅರ್ಥ ಹುಡುಕುತ್ತಾ ಓದಿದೆ.

ಮೊದಲು ಕೈಗೆ ಸಿಕ್ಕಿದ್ದು 'ಲಿಟಲ್ ವಿಮೆನ್'. 1868ರ ಪುಸ್ತಕ. ನಾಲ್ಕು ಹೆಣ್ಣುಮಕ್ಕಳ ತಾಯಿ, ಭೂಮಿಯಂಥ ತಾಳ್ಮೆ. ಇಂಥವರು ಎಲ್ಲಿರುತ್ತಾರೆ ಅಂತ ಮುಚ್ಚಿಡುವುದರಲ್ಲಿದ್ದೆ. ಅಷ್ಟರಲ್ಲಿ ಆ ಘಟ್ಟ ಬಂತು. ತಂಗಿ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದು, ಹೇಗೋ ಬದುಕಿ ಬಂದಿದ್ದಾಳೆ. ತನ್ನ ಸಿಟ್ಟಿನಿಂದಲೇ ಹೀಗಾಯ್ತು ಅಂತ ಅಕ್ಕ ಜೋ ಅಳುತ್ತಿದ್ದಾಳೆ. ಆಗ ಅಮ್ಮ ಹೇಳುತ್ತಾಳೆ, ನನಗೂ ಹೆಚ್ಚುಕಡಿಮೆ ದಿನಾ ಸಿಟ್ಟು ಬರುತ್ತದೆ, 40 ವರ್ಷದಿಂದ ಅದನ್ನು ಕಳೆದುಕೊಳ್ಳಲು ನೋಡುತ್ತಿದ್ದೇನೆ, ತಡೆಹಿಡಿಯೋದಷ್ಟೇ ಸಾಧ್ಯವಾಗಿದೆ ಅಂತ. ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ. ಆ ತಾಯಿ ಅದನ್ನು ಮಗಳ ಹತ್ತಿರ ಬಾಯಿಬಿಟ್ಟು ಹೇಳಿದಳಲ್ಲ! ನಾನು ಎಂದೂ ಹೇಳಲಿಲ್ಲ. ನನ್ನ ಸಿಟ್ಟೆಲ್ಲ ಪಾತ್ರೆಗಳ ಮೇಲೆ ಹೋಗುತ್ತಿತ್ತು. ಆ ಸದ್ದು ಕೇಳಿಯೇ, ಇವತ್ತು ಅಮ್ಮ ಹೇಗಿದ್ದಾಳೆ ಅಂತ ನೀನು ಅಂದಾಜು ಮಾಡಿಕೊಳ್ಳುತ್ತಿದ್ದೆ.

ಆಮೇಲೆ ಬಾನು ಮುಷ್ತಾಕ್ ಅವರ ಕಥೆಗಳು. 2025ರಲ್ಲಿ ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನೀನು ಎಷ್ಟು ಖುಷಿಪಟ್ಟಿದ್ದೆ! ಓದು ಓದು ಅಂತ ನನಗೆ ಗಂಟು ಬಿದ್ದಿದ್ದೆ. ಆಗ ಓದಲಿಲ್ಲ, ತಪ್ಪಾಯ್ತು. ನಿನ್ನ ಪುಸ್ತಕದ ತುಂಬ ಪೆನ್ಸಿಲ್ ಗೆರೆಗಳು. 'ಎದೆಯ ಹಣತೆ' ಕಥೆಯ ಕೊನೆಯ ಪುಟಗಳಲ್ಲಿ ಮಾತ್ರ ಒಂದು ಗೆರೆಯೂ ಇಲ್ಲ. ಆದರೆ ಪುಸ್ತಕ ಕೈಗೆತ್ತಿಕೊಂಡರೆ ತಾನಾಗಿ ಅಲ್ಲೇ ತೆರೆದುಕೊಳ್ಳುತ್ತದೆ. ಎಷ್ಟು ಸಲ ಓದಿದ್ದೀಯೋ.

ಆ ಕಥೆಯಲ್ಲಿ ಮೆಹರುನ್‌ಳ ಗಂಡ ಬೇರೆಯವಳ ಹಿಂದೆ ಹೋಗಿದ್ದಾನೆ. ತವರಿಗೆ ಬಂದ ಮೆಹರುನ್‌ಳನ್ನು ಅಣ್ಣತಮ್ಮಂದಿರೇ ವಾಪಸ್ ಕರೆತಂದು ಬಿಡುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡು ನಿಲ್ಲುತ್ತಾಳೆ. ದೊಡ್ಡ ಮಗಳು ಸಲ್ಮಾ ಕೂಸನ್ನು ಎತ್ತಿಕೊಂಡು ಓಡಿಬಂದು, ಅಮ್ಮನ ಕಾಲು ಹಿಡಿದು, ನಮಗೋಸ್ಕರ ಬದುಕೋಕೆ ಆಗಲ್ವಾ ಅಂತ ಬೇಡಿಕೊಳ್ಳುತ್ತಾಳೆ. ಎಲ್ಲರಿಗೂ ಆ ತಾಯಿಯ ಸಂಕಟ ಕಾಣುತ್ತದೆ. ನನಗೆ ಈ ಸಲ ಕಂಡವಳು ಸಲ್ಮಾ. ಅಮ್ಮ ಉಳಿದಳು, ಸರಿ. ನಾಳೆಯಿಂದ ಆ ಹುಡುಗಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳಾ?

ಈಗ ನಮ್ಮ ರಾತ್ರಿ. ನಿನಗೆ ಏಳು ವರ್ಷ. ಯಾಕೆ ಹೊರಟಿದ್ದೆ ಅನ್ನೋದು ನಿನಗೆ ಗೊತ್ತು, ನಿಮ್ಮಪ್ಪನಿಗೂ ಗೊತ್ತು. ಅದನ್ನು ಬಿಡೋಣ. ನಾನು ಚಿಲಕಕ್ಕೆ ಕೈ ಹಾಕಿದ್ದೆ. ಹಿಂದಿನಿಂದ ಸದ್ದಾಯ್ತು. ತಿರುಗಿದರೆ ನೀನು. ಶೂ ಹಾಕಿಕೊಂಡಿದ್ದೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಬೆನ್ನಿಗೆ ಸ್ಕೂಲ್ ಬ್ಯಾಗು. "ನಾನೂ ರೆಡಿ" ಅಂದೆ. ಅಳಲಿಲ್ಲ, ಎಲ್ಲಿಗೆ ಅಂತ ಕೇಳಲೂ ಇಲ್ಲ. ನಾನು ಬಾಗಿಲು ಬಿಟ್ಟು ಬಂದು ನಿನ್ನ ಶೂ ಬಿಚ್ಚಿದೆ. ಬ್ಯಾಗು ತೆಗೆದು ನೋಡಿದರೆ ಒಂದು ಟವೆಲ್, ಬಣ್ಣದ ಪೆನ್ಸಿಲ್ ಡಬ್ಬಿ, ಅದರ ಮೇಲೆ ಕರ್ಚೀಫಿನಲ್ಲಿ ಸುತ್ತಿದ ನನ್ನ ಕನ್ನಡಕ. ಆತುರದಲ್ಲಿ ನಾನೇ ಮರೆತಿದ್ದೆ. ನಿನಗೆ ನೆನಪಿತ್ತು.

ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆ ಅಲ್ವಾ? ನೋಡಿ, ನನ್ನ ಮಗಳು ಎಷ್ಟು ಜಾಣೆ ಅಂತ. ಇವಳಿಗೋಸ್ಕರವೇ ನಾನು ಉಳಿದೆ ಅಂತ. ನೀನು ಮಾರ್ಕ್ಸ್ ಕಡಿಮೆ ತಂದಾಗ ಹೇಳಿದೆ. ಗೆಳತಿಯರ ಜೊತೆ ಪ್ರವಾಸಕ್ಕೆ ಹೊರಟಾಗ ಹೇಳಿದೆ. ಈ ಕೆಲಸ ಸಿಕ್ಕಾಗಲೂ ಅದನ್ನೇ ಹೇಳಿದೆ. "ನಿನಗೋಸ್ಕರ ಉಳಿದೆ."

ಶಶಿ ದೇಶಪಾಂಡೆ ಅವರ 1980ರ ಕಾದಂಬರಿ ನಿನ್ನ ಸಾಲಿನಲ್ಲೇ ಇದೆ, 'ದಿ ಡಾರ್ಕ್ ಹೋಲ್ಡ್ಸ್ ನೋ ಟೆರರ್ಸ್'. ಅದರ ನಾಯಕಿ ಸರೂ. ಅವಳ ತಮ್ಮ ನೀರಿನಲ್ಲಿ ಮುಳುಗಿ ಸತ್ತಾಗ ಅಮ್ಮ ಅವಳಿಗೆ ಹೇಳುತ್ತಾಳೆ, ನೀನು ಯಾಕೆ ಸಾಯಲಿಲ್ಲ ಅಂತ. ಸರೂ ಓದಿ ಡಾಕ್ಟರ್ ಆಗುತ್ತಾಳೆ, ಮದುವೆಯಾಗುತ್ತಾಳೆ, ಮಕ್ಕಳಾಗುತ್ತವೆ. ಆ ಮಾತು ಹೋಗುವುದಿಲ್ಲ. ಅವಳು ತವರಿಗೆ ಬರುವ ಹೊತ್ತಿಗೆ ಅಮ್ಮ ತೀರಿಹೋಗಿದ್ದಾಳೆ. ಜಗಳ ಆಡೋಣ ಅಂದರೂ ಎದುರಿಗೆ ಅಮ್ಮ ಇಲ್ಲ. ನನ್ನದು ಅಂಥ ಕ್ರೂರ ಮಾತಲ್ಲ ಅಂತ ಮೊದಲು ಸಮಾಧಾನ ಮಾಡಿಕೊಂಡೆ. ಆಮೇಲೆ ಯೋಚಿಸಿದೆ. ಅವಳದು ಶಾಪ, ನನ್ನದು ಸಾಲ. ಹೊರುವವಳಿಗೆ ಎರಡೂ ಭಾರವೇ.

ಹಾಗಾಗಿ ನಿಜ ಹೇಳಿಬಿಡುತ್ತೇನೆ. ನಾನು ಉಳಿದದ್ದು ನಿನಗೋಸ್ಕರ ಅಲ್ಲ. ಕೈಯಲ್ಲಿ ದುಡ್ಡಿರಲಿಲ್ಲ. ಹೋಗಲು ಮನೆ ಇರಲಿಲ್ಲ. ಜನ ಏನಂತಾರೋ ಅನ್ನೋ ಭಯ ಇತ್ತು. ಚಿಲಕ ಮುಟ್ಟಿದಾಗಲೇ ಕೈ ನಡುಗುತ್ತಿತ್ತು. ನೀನು ಬರದಿದ್ದರೂ ಬೀದಿಯ ಕೊನೆ ಮುಟ್ಟಿ ವಾಪಸ್ ಬರುತ್ತಿದ್ದೆನೇನೋ. ಹೆದರಿ ಉಳಿದೆ ಅಂತ ಒಪ್ಪಿಕೊಳ್ಳಲು ಕಷ್ಟ ಆಯ್ತು. ಮಗಳಿಗಾಗಿ ಉಳಿದೆ ಅಂದರೆ ಮರ್ಯಾದೆ ಇರುತ್ತದೆ. ಏಳು ವರ್ಷದ ಮಗುವಿನ ತಲೆ ಮೇಲೆ ಅದನ್ನು ಹೊರಿಸಿದೆ. ಕ್ಷಮಿಸು ಪುಟ್ಟಿ.

ಇನ್ನೊಂದಿದೆ. ಅದನ್ನು ಬರೆಯಲಾಗದೆ ಎರಡು ದಿನ ಈ ಕಾಗದ ಮೇಜಿನ ಮೇಲೇ ಇತ್ತು.

ಏಮಿ ಟ್ಯಾನ್ ಅವರ 'ದಿ ಜಾಯ್ ಲಕ್ ಕ್ಲಬ್' ಓದುವಾಗ ಅದು ಎದ್ದು ಬಂತು. 1989ರದ್ದು, ಚೀನಾದಿಂದ ಅಮೆರಿಕಕ್ಕೆ ಬಂದ ನಾಲ್ಕು ತಾಯಂದಿರು, ಅವರ ನಾಲ್ಕು ಹೆಣ್ಣುಮಕ್ಕಳು. ಅದರಲ್ಲಿ ಒಬ್ಬಳು ತಾಯಿ ಯುದ್ಧದ ಕಾಲದಲ್ಲಿ ಓಡಿಹೋಗುವಾಗ ತನ್ನ ಅವಳಿ ಕೂಸುಗಳನ್ನು ದಾರಿಯಲ್ಲೇ ಬಿಟ್ಟುಬಂದಿರುತ್ತಾಳೆ. ನಡೆಯಲು ಶಕ್ತಿಯೇ ಉಳಿದಿರುವುದಿಲ್ಲ. ಆಮೇಲೆ ಬದುಕಿಡೀ ಹುಡುಕುತ್ತಾಳೆ. ಅವರು ಸಿಕ್ಕಿದ ಸುದ್ದಿ ಬರುವ ಹೊತ್ತಿಗೆ ಅವಳೇ ಇಲ್ಲ. ಅವಳಿಗೆ ಕಾರಣ ಇತ್ತು, ಯುದ್ಧ ಇತ್ತು. ನನಗೆ?

ಆ ರಾತ್ರಿ ನನ್ನ ಬ್ಯಾಗಿನಲ್ಲಿ ನಿನ್ನ ಒಂದು ಬಟ್ಟೆಯೂ ಇರಲಿಲ್ಲ. ಎರಡು ಜೊತೆ ನನ್ನವು, ಒಂದು ಬಾಚಣಿಗೆ. ಜಿಪ್ ಪೂರ್ತಿ ಹಾಕಿರಲಿಲ್ಲ. ನೀನು ಅದರ ಪಕ್ಕದಲ್ಲೇ ಕೂತಿದ್ದೆ, ನಾನು ಶೂ ಬಿಚ್ಚುವಷ್ಟು ಹೊತ್ತೂ. ನೀನು ಬಗ್ಗಿ ನೋಡಿದೆಯಾ ಇಲ್ಲವಾ ಅಂತ ಇಷ್ಟು ವರ್ಷದಲ್ಲಿ ಸಾವಿರ ಸಲ ಯೋಚಿಸಿದ್ದೇನೆ. ಬೇಸಗೆ ರಜೆಯಲ್ಲಿ ನಿನ್ನನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಹೊರಟಾಗ ನೀನು ನನ್ನ ಬ್ಯಾಗು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ನಾನು ಸ್ವಲ್ಪ ತಡವಾದರೆ ನೀನು ಗೇಟಿನ ಹತ್ತಿರ ನಿಂತಿರುತ್ತಿದ್ದೆ. ಎಲ್ಲ ಮಕ್ಕಳೂ ಹಾಗೇ ಅಂತ ನನಗೆ ನಾನೇ ಹೇಳಿಕೊಂಡೆ. ನೀನು ನೋಡಿದ್ದೆ ಅಂತಲೇ ಈಗ ಅನ್ನಿಸುತ್ತದೆ. ನೋಡಿಯೂ "ನಾನೂ ರೆಡಿ" ಅಂದೆಯಾ?

ಮಗುವನ್ನು ಬಿಟ್ಟು ಹೋಗುವ ಯೋಚನೆ ಬಂದ ತಾಯಿ ಕೆಟ್ಟವಳು ಅಂತ ನಾನು ನಂಬಿದ್ದೆ. ಈ ಪುಸ್ತಕಗಳ ಅಮ್ಮಂದಿರನ್ನು ನೋಡಿದ ಮೇಲೆ ಅಷ್ಟು ಸುಲಭವಾಗಿ ಹೇಳಲಾರೆ. ಆದರೆ ಸುಸ್ತಾಗಿದ್ದೆ ಅಂದ ಮಾತ್ರಕ್ಕೆ ನಿನ್ನ ನೋವು ಕಡಿಮೆಯಾಗುವುದಿಲ್ಲ. ಅದೂ ಗೊತ್ತಾಗಿದೆ.

ನೀನಾದರೂ ಒಂದು ಮಾತು ಕೇಳು. ನಿನ್ನ ಹೆಸರಿನ ಖಾತೆಯಲ್ಲಿ ಯಾವಾಗಲೂ ಸ್ವಲ್ಪ ದುಡ್ಡಿಟ್ಟಿರು. ಅದರ ವಿಷಯ ಯಾರಿಗೂ ಹೇಳಬೇಕಿಲ್ಲ. ಯಾರನ್ನಾದರೂ ಮದುವೆಯಾಗು, ಆಗದಿರು, ಕೆಲಸ ಬಿಡಬೇಡ. ಸಿಟ್ಟು ಬಂದರೆ ಸಿಟ್ಟು ಬಂದಿದೆ ಅಂತ ಬಾಯಲ್ಲಿ ಹೇಳು. ರಾತ್ರಿ ಹನ್ನೆರಡರ ತನಕ ಓದಬೇಡ, ನಿದ್ದೆ ಕೆಡುತ್ತದೆ. ಮುಂದೆ ಮಗು ಆದರೆ ಅದರ ಹತ್ತಿರ ನಿನ್ನ ದುಃಖ ತೋಡಿಕೊಳ್ಳಬೇಡ, ಅದಕ್ಕೊಬ್ಬ ಗೆಳತಿಯನ್ನು ಇಟ್ಟುಕೋ. ಉಪದೇಶ ಬೇಡ ಅಂತ ನೀನು ಎಷ್ಟೋ ಸಲ ಹೇಳಿದ್ದೀಯ. ಇದೊಂದನ್ನು ಮಾತ್ರ ಕೇಳಲೇಬೇಕು.

ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿ 'ರೇತ್ ಸಮಾಧಿ'ಯ ಇಂಗ್ಲಿಷ್ ಅನುವಾದ ಅರ್ಧ ಓದಿದ್ದೇನೆ. 80 ವರ್ಷದ ಅಮ್ಮ ಮಗಳ ಮನೆ ಸೇರಿ ಚಿಗುರುತ್ತಾಳೆ. ಓದಲು ತುಂಬ ಹಿತ. ಆದರೆ ಆ ಮಗಳ ಮನೆ ಅವಳದಾಗಿ ಉಳಿಯುವುದಿಲ್ಲ. ಅವಳೇ ಅಮ್ಮನಿಗೆ ಅಮ್ಮನಾಗುತ್ತಾಳೆ. ನಿನ್ನ ಮಾತು ಅಲ್ಲಿ ಅರ್ಥವಾಯ್ತು.

ನೀನು ಅಷ್ಟು ದೂರ ಒಬ್ಬಳೇ ಹೋಗಿ, ಮನೆ ಹುಡುಕಿ, ಕೆಲಸಕ್ಕೆ ಸೇರಿದ್ದೀಯ. ನನಗೆ ದಾಟಲಾಗದ ಬಾಗಿಲನ್ನು ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಾಗ ದಾಟಿದೆ. ಅವತ್ತು ನಾನು ಎದುರಿಗೆ ಕಿರುಚಾಡಿದೆ. ನೀನು ಗೇಟು ದಾಟಿದ ಮೇಲೆ ಕಿಟಕಿಯಿಂದ ನೋಡುತ್ತಿದ್ದೆ. ನೀನು ತಿರುಗಿ ನೋಡಲಿಲ್ಲ. ಎದೆ ಒಡೆದಂತಾಯ್ತು. ಅದರ ಜೊತೆಗೇ, ಅಬ್ಬಾ ನನ್ನ ಮಗಳೇ, ಅಂತಲೂ ಅನ್ನಿಸಿತು.

ಇನ್ನು ಮೇಲೆ ಭಾನುವಾರ ಒಂದು ಸಲ ಮಾತ್ರ ಫೋನ್ ಮಾಡುತ್ತೇನೆ. ಎತ್ತದಿದ್ದರೆ ಕೆಲಸ ಇರಬಹುದು ಅಂದುಕೊಳ್ಳುತ್ತೇನೆ. ಮತ್ತೆ ಮತ್ತೆ ಮಾಡುವುದಿಲ್ಲ. ನಿಮ್ಮಪ್ಪನ ವಿಷಯ ನಿನ್ನ ಹತ್ತಿರ ಎತ್ತುವುದಿಲ್ಲ, ಅದು ನನ್ನದು. ನಿನ್ನ ಪುಸ್ತಕಗಳನ್ನು ಇದ್ದ ಸಾಲಿನಲ್ಲೇ ಇಟ್ಟಿದ್ದೇನೆ. 'ಎದೆಯ ಹಣತೆ' ಮಾತ್ರ ನನ್ನ ದಿಂಬಿನ ಹತ್ತಿರ ಇದೆ, ಬೇಕಾದರೆ ಕಳಿಸುತ್ತೇನೆ.

ಬ್ಯಾಗಿನ ವಿಷಯಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ. ಯಾವತ್ತಾದರೂ ಹೇಳಬೇಕು ಅನ್ನಿಸಿದರೆ ಹೇಳು. ಈ ಸಲ ನಾನು ಅಳುವುದಿಲ್ಲ, ಕೇಳಿಸಿಕೊಳ್ಳುತ್ತೇನೆ.

ನಿನ್ನ
ಅಮ್ಮ