ಮದರ್‌ಬೋರ್ಡ್ ಸುಟ್ಟರೆ ಲೈಸೆನ್ಸೂ ಹೋಗಬೇಕಾ?

ಮಾನ್ಯ ಸಂಪಾದಕರೇ,

ರಾಣೆಬೆನ್ನೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ ಇವೇ ನನ್ನ ಅನ್ನ. ಈ ಸಲ ಮದುವೆ ಸೀಜನ್ ಜೋರಾಗಿದ್ದಾಗಲೇ ಕರೆಂಟ್ ಹೋಗಿ ಬಂದ ಹೊಡೆತಕ್ಕೆ ಕಂಪ್ಯೂಟರಿನ ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್, ಸುಟ್ಟುಹೋಯಿತು. ರಿಪೇರಿ ಮಾಡುವವರು ಮರುದಿನವೇ ಬೇರೆ ಬೋರ್ಡ್ ಕೂರಿಸಿಕೊಟ್ಟರು. ಹಾರ್ಡ್ ಡಿಸ್ಕ್ ಅದೇ, ಫೈಲುಗಳೂ ಹಾಗೇ ಇದ್ದವು. ಆದರೆ 2017ರಲ್ಲಿ ದುಡ್ಡು ಕೊಟ್ಟು ತಂದ ಕನ್ನಡ ಫಾಂಟ್ ಪ್ಯಾಕೇಜ್ ಮಾತ್ರ ತೆರೆಯಲಿಲ್ಲ. ಈ ಕಂಪ್ಯೂಟರಿಗೆ ಲೈಸೆನ್ಸ್ ಇಲ್ಲ ಎಂದು ಒಂದು ಡಬ್ಬಿ ಬಂತು, ಅದರ ಕೆಳಗೆ ಉದ್ದನೆಯ ಹೊಸ ಮಷೀನ್ ಐಡಿ. ಅರ್ಧ ಮಾಡಿಟ್ಟಿದ್ದ ಲಗ್ನಪತ್ರಿಕೆ ತೆಗೆದು ನೋಡಿದರೆ ವಧು ವರರ ಹೆಸರಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಬ್ರಾಕೆಟ್, ಕಾಮಾಗಳ ರಾಶಿ. ಯೂನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ. ಅದಲ್ಲದ ಹಳೆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿರುತ್ತಾರೆ, ಅವನ್ನು ಬಳಸಿದವರಿಗೆ ಇದು ಗೊತ್ತು. ಫಾಂಟ್ ಇಲ್ಲ ಅಂದರೆ ಫೈಲಿದ್ದೂ ಇಲ್ಲದ ಹಾಗೆ.

ಕಂಪನಿಗೆ ಫೋನ್ ಮಾಡಿದೆ. ಮೊದಲು ಹಳೆ ಕಂಪ್ಯೂಟರಿನಲ್ಲಿ ಡಿಆ್ಯಕ್ಟಿವೇಟ್ ಮಾಡಿ, ಅಂದರೆ ಲೈಸೆನ್ಸನ್ನು ಅದರಿಂದ ಬಿಡಿಸಿ, ಆಮೇಲೆ ಹೊಸದಕ್ಕೆ ಕೊಡುತ್ತೇವೆ ಅಂದರು. ಸುಟ್ಟುಹೋದ ಬೋರ್ಡಿನಲ್ಲಿ ಡಿಆ್ಯಕ್ಟಿವೇಟ್ ಮಾಡುವುದು ಹೇಗೆ? ಎರಡನೇ ಸಲ ಮಾಡಿದಾಗ ನಿಮ್ಮದು ಹಳೆ ವರ್ಷನ್, ಹೊಸದು ಕೊಂಡುಕೊಳ್ಳಿ ಅಂದರು. ಒಂಬತ್ತು ದಿನ ಕೆಲಸ ನಿಂತಿತು. ಗಿರಾಕಿಗಳು ಮದುವೆ ದಿನ ಮುಂದೆ ಹಾಕಲು ಆಗುತ್ತದಾ, ಬೇರೆ ಅಂಗಡಿಗೆ ಹೋದರು.

ಇದು ಹೇಗೆ ನಡೆಯುತ್ತದೆ ಅಂತ ಆಮೇಲೆ ಕೂತು ತಿಳಿದುಕೊಂಡೆ. ಮುಂಚೆ ಡಾಂಗಲ್ ಇರುತ್ತಿತ್ತು. ಪ್ರಿಂಟರ್ ಪೋರ್ಟಿಗೋ ಯುಎಸ್‌ಬಿಗೋ ಚುಚ್ಚುವ ಸಣ್ಣ ಬೀಗ. ಅದು ಕಳೆದುಹೋದರೆ ಕಷ್ಟ, ನಿಜ, ಆದರೆ ಕಂಪ್ಯೂಟರ್ ಕೆಟ್ಟರೆ ಕಿತ್ತು ಇನ್ನೊಂದಕ್ಕೆ ಹಾಕಿಕೊಳ್ಳಬಹುದಿತ್ತು. ಈಗ ಬಹಳಷ್ಟು ಸಾಫ್ಟ್‌ವೇರ್‌ಗಳು ಮದರ್‌ಬೋರ್ಡ್, ಪ್ರೊಸೆಸರ್, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಕಾರ್ಡ್‌ಗಳ ಗುರುತು ಓದಿ, ಎಲ್ಲ ಕೂಡಿಸಿ ಒಂದು ನಂಬರ್ ಮಾಡಿಕೊಳ್ಳುತ್ತವೆ. ಅದು ತಾಳೆಯಾಗದಿದ್ದರೆ ಬಾಗಿಲು ಮುಚ್ಚಿದ ಹಾಗೆ. ಹೀಗೆ ಲೈಸೆನ್ಸನ್ನು ಕಂಪ್ಯೂಟರಿಗೆ ಕಟ್ಟುವುದಕ್ಕೆ ಆ್ಯಕ್ಟಿವೇಶನ್ ಅನ್ನುತ್ತಾರೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದು ಮನೆಮನೆಗೂ ಬಂತು. ಆಗ ಒಂದೆರಡು ಭಾಗ ಬದಲಿಸಿದರೆ ಅದು ಸುಮ್ನೆ ಇರುತ್ತಿತ್ತು, ಜಾಸ್ತಿ ಬದಲಿಸಿದರೆ ಮತ್ತೆ ಕೇಳುತ್ತಿತ್ತು. 2012ರ ವಿಂಡೋಸ್ 8ರಿಂದ ಬ್ರ್ಯಾಂಡೆಡ್ ಕಂಪ್ಯೂಟರುಗಳಲ್ಲಿ ವಿಂಡೋಸಿನ ಲೈಸೆನ್ಸ್ ಕೀ ಮದರ್‌ಬೋರ್ಡಿನ ಚಿಪ್ಪಿನೊಳಗೇ ಇರುತ್ತದೆ. ಬಿಡಿಯಾಗಿ ಕೊಂಡ ರೀಟೇಲ್ ಲೈಸೆನ್ಸನ್ನು ಬೇರೆ ಕಂಪ್ಯೂಟರಿಗೆ ಒಯ್ಯಬಹುದು, ಕಂಪ್ಯೂಟರ್ ಜೊತೆ ಬಂದ ಓಇಎಂ ಲೈಸೆನ್ಸ್ ಆ ಕಂಪ್ಯೂಟರಿಗಷ್ಟೇ. ಕೊಳ್ಳುವಾಗ ಈ ವ್ಯತ್ಯಾಸವನ್ನು ನನಗೆ ಒಬ್ಬ ಅಂಗಡಿಯವನೂ ಹೇಳಿಲ್ಲ. ಬಿಲ್ಲಿನಲ್ಲೂ ಬರೆದಿರಲಿಲ್ಲ.

ಕಳ್ಳ ಕಾಪಿಯ ಪರವಾಗಿ ನಾನು ಮಾತಾಡುತ್ತಿಲ್ಲ. ಒಂದೇ ಸಿಡಿ ಹತ್ತು ಅಂಗಡಿ ಸುತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಕನ್ನಡಕ್ಕೆ ಫಾಂಟ್ ಮಾಡುವವರೂ ಬದುಕಬೇಕು. ಅದಕ್ಕೇ ದುಡ್ಡು ಕೊಟ್ಟು ತಂದೆ. ಬೈಕಿನ ಇಂಜಿನ್ ಬದಲಿಸಿದರೆ ಆರ್‌ಟಿಒಗೆ ಹೋಗಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸುತ್ತೇವೆ, ಬೈಕೇ ನಿನ್ನದಲ್ಲ ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಇಲ್ಲೂ ಹಾಗೇ ಆಗಬೇಕು.

ಯುರೋಪಿನಲ್ಲಿ ಇದು ಕೋರ್ಟಿನ ತನಕ ಹೋಗಿದೆ. ಸಾಫ್ಟ್‌ವೇರ್ ಕಂಪನಿ ಒರಾಕಲ್ ಮತ್ತು ಬಳಸಿದ ಲೈಸೆನ್ಸ್ ಮಾರುವ ಯೂಸ್ಡ್‌ಸಾಫ್ಟ್ ನಡುವಿನ ಮೊಕದ್ದಮೆಯಲ್ಲಿ 2012ರ ಜುಲೈ 3ರಂದು ಅಲ್ಲಿನ ನ್ಯಾಯಾಲಯ, ಒಮ್ಮೆ ದುಡ್ಡು ಕೊಟ್ಟು ಕಾಯಂ ಆಗಿ ಪಡೆದ ಲೈಸೆನ್ಸನ್ನು ಇನ್ನೊಬ್ಬರಿಗೆ ಮಾರಬಹುದು, ಆದರೆ ಮಾರಿದವನು ತನ್ನ ಕಾಪಿ ಬಳಸಬಾರದು ಎಂದಿತು. ಅಲ್ಲಿ ಮಾರುವ ಹಕ್ಕೇ ಇದೆ. ನಾನು ಕೇಳುತ್ತಿರುವುದು ನನ್ನದೇ ಮೇಜಿನ ಮೇಲೆ, ನನ್ನದೇ ಕಂಪ್ಯೂಟರಿನಲ್ಲಿ ಬಳಸುವುದನ್ನು.

ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ಲೂ ಬಂತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ವಸ್ತು, ವಾಹನ ಹೀಗೆ ನಾಲ್ಕು ವಿಭಾಗಗಳನ್ನು ಆರಿಸಿಕೊಂಡರು. ಒಳ್ಳೆಯ ಕೆಲಸ. ಆದರೆ ಬೋರ್ಡ್ ರಿಪೇರಿ ಆಗಿ ಸಾಫ್ಟ್‌ವೇರ್ ನಡೆಯದಿದ್ದರೆ ನನ್ನಂಥವನಿಗೆ ಆ ರಿಪೇರಿಯಿಂದ ಏನು ಬಂತು? ಲೈಸೆನ್ಸನ್ನು ಹೊಸ ಬೋರ್ಡಿಗೆ ಬದಲಿಸಿಕೊಡುವುದನ್ನೂ ರಿಪೇರಿಯ ಭಾಗ ಅಂತಲೇ ಇಲಾಖೆ ಎಣಿಸಬೇಕು. ರಿಪೇರಿ ಬಿಲ್ ತೋರಿಸಿದರೆ ಸಾಫ್ಟ್‌ವೇರ್ ಕಂಪನಿಯವರು ಎರಡು ದಿನದೊಳಗೆ ಪುಕ್ಕಟೆ ಬದಲಿಸಿಕೊಡಲಿ. ಲೈಸೆನ್ಸ್ ಒಂದೇ ಯಂತ್ರಕ್ಕೆ ಕಟ್ಟಿದ್ದಾದರೆ ಅದನ್ನು ಬಿಲ್ಲಿನ ಮೇಲೆ ಕನ್ನಡದಲ್ಲಿ ಬರೆಯಲಿ. ಹಳೆ ವರ್ಷನ್ ನೋಡಿಕೊಳ್ಳಲು ಆಗದ ಕಂಪನಿಗಳು ಬೀಗ ತೆಗೆದು ಕೈಬಿಡಲಿ.

ನನ್ನ ಎಷ್ಟೋ ವರ್ಷಗಳ ಫೈಲುಗಳು ಆ ಫಾಂಟಿನಲ್ಲೇ ಇವೆ. ಗೆಳೆಯರೊಬ್ಬರ ಅಂಗಡಿಗೆ ಪೆನ್‌ಡ್ರೈವ್ ಹಿಡಿದು ಹೋಗಿ, ಅವರ ಕೆಲಸ ಮುಗಿದ ಮೇಲೆ ರಾತ್ರಿ ಕೂತು ಒಂದೊಂದನ್ನೇ ಯೂನಿಕೋಡ್‌ಗೆ ಬದಲಿಸುತ್ತಿದ್ದೇನೆ. ಒತ್ತಕ್ಷರಗಳು ಅಲ್ಲಲ್ಲಿ ಜಾರುತ್ತವೆ, ಅವನ್ನು ಕೈಯಿಂದಲೇ ತಿದ್ದಬೇಕು. 2019ರ ಫೈಲುಗಳ ತನಕ ಬಂದಿದ್ದೇನೆ.

ಒಬ್ಬ ಡಿಟಿಪಿ ಕೆಲಸಗಾರ, ರಾಣೆಬೆನ್ನೂರು